‘ಹಸಿರು’ ಎಂಬ ಚೀಟಿಯ ಹಿಂದೆ: ಕೈಗಾರಿಕಾ ವಸ್ತುಗಳ ಪರ್ಯಾಯಗಳನ್ನು ಪರೀಕ್ಷಿಸುವ ಬಗೆ

ಪ್ರಶ್ನೆ: ನಾವು ಲೋಹದ ಬಿಡಿಭಾಗಗಳನ್ನು ತಯಾರಿಸುವ ಚಿಕ್ಕ ಘಟಕವೊಂದನ್ನು ನಡೆಸುತ್ತಿದ್ದೇವೆ. ಭಾಗಗಳ ಮೇಲಿನ ಎಣ್ಣೆಯ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಬಳಸುತ್ತೇವೆ, ಆಮೇಲೆ ಪಾಲಿಥೀನ್ ಹಾಳೆಯಲ್ಲಿ ಸುತ್ತಿ ಕಳುಹಿಸುತ್ತೇವೆ. ಇತ್ತೀಚೆಗೆ ಪೂರೈಕೆದಾರರು ಸಸ್ಯಮೂಲದ ದ್ರಾವಕ, ಗೊಬ್ಬರವಾಗುವ ಪ್ಲಾಸ್ಟಿಕ್, ಹೊಸ ಕಟ್ಟಡಕ್ಕೆ ಹಸಿರು ಸಿಮೆಂಟ್ ಎಂದು ಒಂದೊಂದನ್ನೇ ತಂದು ತೋರಿಸುತ್ತಿದ್ದಾರೆ. ಹಸಿರು ರಸಾಯನಶಾಸ್ತ್ರ ಎಂದರೆ ನಿಜಕ್ಕೂ ಏನು? ಸಸ್ಯದಿಂದ ಬಂದದ್ದೆಲ್ಲ ನಿರಪಾಯವೇ? ಈ ಮಾತುಗಳಲ್ಲಿ ಯಾವುದನ್ನು, ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಗೊಂದಲದ ಬೇರು ಅಲ್ಲಿದೆ. ಸಸ್ಯದಿಂದ ಬಂದದ್ದೆಲ್ಲ ನಿರಪಾಯವಲ್ಲ. ವಸ್ತುವೊಂದು ಎಲ್ಲಿಂದ ಬಂತು, ಮೈಗೆ ತಾಗಿದರೆ ಅಥವಾ ಉಸಿರಿನೊಡನೆ ಒಳಹೋದರೆ ಏನು ಮಾಡುತ್ತದೆ, ಎಸೆದ ಮೇಲೆ ಏನಾಗುತ್ತದೆ ಎಂಬವು ಮೂರು ಬೇರೆಬೇರೆ ಪ್ರಶ್ನೆಗಳು. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಒದಗುವುದಿಲ್ಲ. ಹರಳು ಬೀಜವನ್ನೇ ನೋಡಿ. ಅದರಿಂದ ತೆಗೆದ ಎಣ್ಣೆಯನ್ನು ಔಷಧವಾಗಿಯೂ ಕೀಲೆಣ್ಣೆಯಾಗಿಯೂ ಬಳಸುತ್ತಾರೆ. ಅದೇ ಬೀಜದಲ್ಲಿ ರಿಸಿನ್ ಎಂಬ ಪ್ರಬಲ ವಿಷವಿದೆ. ಅದೇ ಎಣ್ಣೆಯಿಂದ ನೈಲಾನ್-11 ಎಂಬ ಪ್ಲಾಸ್ಟಿಕನ್ನೂ ತಯಾರಿಸುತ್ತಾರೆ. ಅದು ಪೂರ್ತಿಯಾಗಿ ಸಸ್ಯಮೂಲದ್ದು, ಆದರೂ ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ. ಒಂದೇ ಬೀಜದಲ್ಲಿ ಮೂರು ಪ್ರಶ್ನೆಗಳಿಗೂ ಮೂರು ಬಗೆಯ ಉತ್ತರಗಳಿವೆ.

ಆದ್ದರಿಂದ ‘ಈ ದ್ರವ ಹಸಿರು’ ಎಂಬ ವಾಕ್ಯಕ್ಕೆ ರಸಾಯನಶಾಸ್ತ್ರದಲ್ಲಿ ಅರ್ಥವಿಲ್ಲ. ‘ಈ ಕೆಲಸಕ್ಕೆ, ನೀವು ಈಗ ಬಳಸುತ್ತಿರುವುದಕ್ಕಿಂತ, ಇಂಥಿಂಥ ವಿಷಯಗಳಲ್ಲಿ ಇದು ಮೇಲು’ ಎಂಬ ವಾಕ್ಯಕ್ಕೆ ಅರ್ಥವಿದೆ. ಪೂರೈಕೆದಾರರು ಸಾಮಾನ್ಯವಾಗಿ ಮೊದಲನೆಯ ಬಗೆಯ ವಾಕ್ಯವನ್ನು ಹೇಳುತ್ತಾರೆ. ಅದನ್ನು ಎರಡನೆಯ ಬಗೆಗೆ ತಿರುಗಿಸಿಕೊಳ್ಳುವ ಕೆಲಸ ನಿಮ್ಮದು. ಹಾಗೆ ತಿರುಗಿಸಿಕೊಳ್ಳಲು ಬೇಕಾದ ಸಲಕರಣೆಗಳನ್ನು ಹಸಿರು ರಸಾಯನಶಾಸ್ತ್ರ ಕೊಡುತ್ತದೆ.

ಈ ಶಾಖೆಯ 12 ತತ್ತ್ವಗಳನ್ನು 1998ರಲ್ಲಿ ಅಮೆರಿಕದ ರಸಾಯನತಜ್ಞರಾದ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ ಮುಂದಿಟ್ಟರು. ಹನ್ನೆರಡನ್ನೂ ಇಲ್ಲಿ ಒಪ್ಪಿಸುವುದಿಲ್ಲ. ಮೊದಲನೆಯದರಲ್ಲೇ ಉಳಿದವುಗಳ ಬೀಜವಿದೆ. ತ್ಯಾಜ್ಯ ಹುಟ್ಟಿದ ಮೇಲೆ ಅದನ್ನು ಶುದ್ಧೀಕರಿಸುವುದಕ್ಕಿಂತ ಅದು ಹುಟ್ಟದಂತೆ ತಯಾರಿಕೆಯ ದಾರಿಯನ್ನೇ ರೂಪಿಸಬೇಕು ಎಂಬುದು ಅದರ ಸಾರ. ಅಲ್ಲಿಯವರೆಗೆ ಕಾರ್ಖಾನೆಗಳು ಹೊಗೆಗೊಳವೆಗೆ ಶೋಧಕ, ಕೊಳಚೆ ನೀರಿಗೆ ಸಂಸ್ಕರಣಾ ಘಟಕ, ಕೆಲಸಗಾರರಿಗೆ ಮುಖಗವಸು ಎಂದು ಕೊನೆಯ ಹಂತದಲ್ಲಿ ತಡೆಗಳನ್ನು ಕಟ್ಟುತ್ತಾ ಬಂದಿದ್ದವು. ತಡೆ ಎಂದಾದರೊಂದು ದಿನ ಕೈಕೊಡುತ್ತದೆ. ಅಲ್ಲಿ ಇಲ್ಲದೇ ಇರುವ ವಿಷ ಸೋರಲಾರದು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್ ಮಾರಾಟದ ಸರಕಲ್ಲ, ಕಾರ್ಬರಿಲ್ ಎಂಬ ಕೀಟನಾಶಕದ ತಯಾರಿಕೆಯ ನಡುವೆ ಬರುವ ಮಧ್ಯಂತರ ವಸ್ತು. ಅವೇ ಮೂಲವಸ್ತುಗಳನ್ನು ಬೇರೆ ಅನುಕ್ರಮದಲ್ಲಿ ಸೇರಿಸಿದರೆ ಆ ಮಧ್ಯಂತರವೇ ಹುಟ್ಟದೆ ಅದೇ ಕೀಟನಾಶಕ ದೊರೆಯುತ್ತದೆ ಎಂಬುದು ಆಗಲೇ ತಿಳಿದಿದ್ದ ರಸಾಯನ. ಆ ದಾರಿಯಲ್ಲೂ ಫಾಸ್ಜೀನ್ ಎಂಬ ವಿಷಾನಿಲವಿದೆ ಎಂಬುದನ್ನು ಮರೆಯಬಾರದು, ಆದರೆ ಟನ್‌ಗಟ್ಟಲೆ ಮೀಥೈಲ್ ಐಸೋಸಯನೇಟನ್ನು ತೊಟ್ಟಿಯಲ್ಲಿ ಕೂಡಿಡುವ ಅಗತ್ಯ ಅಲ್ಲಿ ಬರುತ್ತಿರಲಿಲ್ಲ.

ಹೋಲಿಕೆ ಎಂದ ಮೇಲೆ ಅಳತೆ ಬೇಕು. ಹೆಚ್ಚಾಗಿ ಬಳಕೆಯಲ್ಲಿರುವ ಅಳತೆಗಳು ಎರಡು. 1991ರಲ್ಲಿ ರಸಾಯನತಜ್ಞ ಬ್ಯಾರಿ ಟ್ರಾಸ್ಟ್ ಪರಮಾಣು ಮಿತವ್ಯಯ ಎಂಬ ಕಲ್ಪನೆಯನ್ನು ಮಂಡಿಸಿದರು: ಕ್ರಿಯೆಗೆ ಹಾಕಿದ ಪರಮಾಣುಗಳ ತೂಕದಲ್ಲಿ ಶೇಕಡಾ ಎಷ್ಟು ಬೇಕಾದ ಉತ್ಪನ್ನದಲ್ಲಿ ಉಳಿಯುತ್ತದೆ, ಎಷ್ಟು ಉಪೋತ್ಪನ್ನವಾಗಿ ಹೊರಬೀಳುತ್ತದೆ ಎಂಬ ಲೆಕ್ಕ ಅದು. ಮುಂದಿನ ವರ್ಷ ಇನ್ನೊಬ್ಬ ರಸಾಯನತಜ್ಞ ರೋಜರ್ ಶೆಲ್ಡನ್ ಇನ್ನೂ ಒರಟಾದ, ಆದರೆ ಕಾರ್ಖಾನೆಯ ನೆಲಕ್ಕೆ ಹತ್ತಿರವಾದ ಇ-ಫ್ಯಾಕ್ಟರ್ ಎಂಬ ಅಳತೆಯನ್ನು ಕೊಟ್ಟರು. ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ತ್ಯಾಜ್ಯ ಎಂಬುದಷ್ಟೇ ಅದರ ಪ್ರಶ್ನೆ. ಶೆಲ್ಡನ್ ಕೊಟ್ಟ ಅಂದಾಜಿನಲ್ಲಿ ತೈಲ ಶುದ್ಧೀಕರಣದ ಇ-ಫ್ಯಾಕ್ಟರ್ ಸುಮಾರು 0.1, ಔಷಧ ತಯಾರಿಕೆಯದು 25ರಿಂದ 100. ನಾವು ಕೊಳಕು ಎಂದು ಭಾವಿಸುವ ಉದ್ಯಮ ತೂಕದ ಲೆಕ್ಕದಲ್ಲಿ ಮಿತವ್ಯಯಿಯಾಗಿಯೂ, ಬಿಳಿ ಕೋಟಿನ ಉದ್ಯಮ ದುಂದುಗಾರನಾಗಿಯೂ ಕಾಣಿಸಿದ್ದು ಆಗ ಹಲವರಿಗೆ ಇರಿಸುಮುರಿಸು ಉಂಟುಮಾಡಿತು. ತೈಲ ಶುದ್ಧೀಕರಣದ ಒಟ್ಟು ಗಾತ್ರ ಅಗಾಧವಾದುದರಿಂದ ಚಿಕ್ಕ ಅನುಪಾತವೂ ದೊಡ್ಡ ರಾಶಿಯಾಗುತ್ತದೆ ಎಂಬುದು ಬೇರೆ ಮಾತು.

ಈ ಅಳತೆಗಳ ಬಲವೂ ಮಿತಿಯೂ ಐಬುಪ್ರೊಫೆನ್ ಎಂಬ ನೋವುನಿವಾರಕದ ಕಥೆಯಲ್ಲಿ ಒಟ್ಟಿಗೆ ಕಾಣುತ್ತವೆ. 1960ರ ದಶಕದ ಮೂಲ ವಿಧಾನದಲ್ಲಿ ಆರು ಹಂತಗಳಿದ್ದವು, ಪರಮಾಣು ಮಿತವ್ಯಯ ಶೇ. 40ರಷ್ಟಿತ್ತು, ಅಂದರೆ ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಸದ ಪಾಲು. ಮೊದಲ ಹಂತದ ಅಲ್ಯೂಮಿನಿಯಂ ಕ್ಲೋರೈಡ್ ಹೆಸರಿಗೆ ವೇಗವರ್ಧಕವಾದರೂ ಅದನ್ನು ಉತ್ಪನ್ನದ ಸಮಸಮಕ್ಕೆ ಸುರಿಯಬೇಕಿತ್ತು, ಕೆಲಸ ಮುಗಿದ ಮೇಲೆ ಅದು ನೀರು ಹೀರಿದ ಮುದ್ದೆಯಾಗಿ ಹೊರಬರುತ್ತಿತ್ತು. 1990ರ ದಶಕದ ಆರಂಭದಲ್ಲಿ ಬಂದ ಹೊಸ ವಿಧಾನ ಆರು ಹಂತಗಳನ್ನು ಮೂರಕ್ಕೆ ಇಳಿಸಿತು, ಪರಮಾಣು ಮಿತವ್ಯಯವನ್ನು ಶೇ. 77ಕ್ಕೆ ಏರಿಸಿತು, ಜೊತೆಗೆ ಹುಟ್ಟುವ ಅಸಿಟಿಕ್ ಆಮ್ಲವನ್ನು ಹಿಡಿದು ಬಳಸಿಕೊಂಡರೆ ಅದು ಶೇ. 99ನ್ನು ಮುಟ್ಟುತ್ತದೆ. 1997ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನ ಪ್ರಶಸ್ತಿ ಇದಕ್ಕೆ ಸಂದಿತು. ಪಠ್ಯಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಹೊಸ ವಿಧಾನದಲ್ಲಿ ದ್ರಾವಕವೂ ವೇಗವರ್ಧಕವೂ ಆಗಿ ದುಡಿಯುವುದು ಹೈಡ್ರೋಜನ್ ಫ್ಲೋರೈಡ್. ಚರ್ಮಕ್ಕೆ ತಾಗಿದರೆ ಮೂಳೆಯವರೆಗೆ ಇಳಿಯಬಲ್ಲ ಭಯಂಕರ ವಸ್ತು. ಅದನ್ನು ಮತ್ತೆಮತ್ತೆ ಹಿಂಪಡೆದು ಬಳಸುವುದರಿಂದ ಅದು ಕಸವಾಗುವುದಿಲ್ಲ, ಆದ್ದರಿಂದ ಲೆಕ್ಕದಲ್ಲೂ ಕಾಣಿಸುವುದಿಲ್ಲ. ಕಸ ಕಡಿಮೆಯಾಯಿತು, ಅಪಾಯ ಬೇರೊಂದು ಕೊಳವೆಗೆ ದಾಟಿಕೊಂಡಿತು. ಒಟ್ಟಾರೆ ಅದು ಒಳ್ಳೆಯ ಬದಲಾವಣೆಯೆಂದೇ ನನ್ನ ಅಭಿಪ್ರಾಯ. ಆದರೂ ಒಂದೇ ಅಂಕಿಯನ್ನು ಹಿಡಿದು ‘ಹಸಿರು’ ಎಂದು ಮುದ್ರೆ ಒತ್ತುವವರ ಮುಂದೆ ಈ ಉದಾಹರಣೆಯನ್ನು ಇಡಬೇಕು.

ಈಗ ನಿಮ್ಮ ಜಿಡ್ಡು ತೆಗೆಯುವ ತೊಟ್ಟಿಗೆ ಬರೋಣ. ನಿಮ್ಮ ಪತ್ರದ ಮೂರು ವಿಷಯಗಳಲ್ಲಿ ಇದು ಎಲ್ಲಕ್ಕಿಂತ ತುರ್ತಿನದು. ಟ್ರೈಕ್ಲೋರೋಎಥಿಲೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಒಂದನೆಯ ಗುಂಪಿಗೆ ಸೇರಿಸಿದೆ. ಯುರೋಪಿಯನ್ ಒಕ್ಕೂಟದಲ್ಲಿ 2016ರ ಏಪ್ರಿಲ್ 21ರಿಂದಾಚೆಗೆ ವಿಶೇಷ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಇಷ್ಟಾದರೂ ಜನ ಅದನ್ನು ಬಿಡಲು ಹಿಂಜರಿಯುವುದಕ್ಕೆ ಕಾರಣವಿದೆ, ಆ ಕಾರಣ ತಿಳಿಯದೆ ಪರ್ಯಾಯ ಹುಡುಕಿದರೆ ಎಡವುತ್ತೀರಿ. ಅದು ಸುಮಾರು 87 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಗ್ರೀಸನ್ನು ಕ್ಷಣದಲ್ಲಿ ಕರಗಿಸುತ್ತದೆ, ತುಕ್ಕು ಹಿಡಿಸುವುದಿಲ್ಲ, ಭಾಗವನ್ನು ಹೊರತೆಗೆದ ಕೂಡಲೇ ಆರಿಹೋಗುತ್ತದೆ. ಒಂದು ಕಿಲೋ ಟ್ರೈಕ್ಲೋರೋಎಥಿಲೀನನ್ನು ಆವಿ ಮಾಡಲು ಸುಮಾರು 240 ಕಿಲೋಜೂಲ್ ಶಾಖ ಸಾಕು, ಒಂದು ಕಿಲೋ ನೀರಿಗೆ ಸುಮಾರು 2,260 ಕಿಲೋಜೂಲ್ ಬೇಕು. ಈ ಒಂಬತ್ತುಪಟ್ಟು ವ್ಯತ್ಯಾಸ ಮುಂದೆ ನಿಮ್ಮ ವಿದ್ಯುತ್ ಬಿಲ್ಲಿನಲ್ಲಿ ಮುಖ ತೋರಿಸುತ್ತದೆ.

ಈ ಕೆಲಸಕ್ಕೆ ಪರ್ಯಾಯ ಹುಡುಕಿದವರ ಇತಿಹಾಸ ಎಚ್ಚರಿಕೆಯಿಂದ ಓದಬೇಕಾದದ್ದು. ಕಡಿಮೆ ವಿಷಕಾರಿಯೆಂದು ಒಂದು ಕಾಲದಲ್ಲಿ 1,1,1-ಟ್ರೈಕ್ಲೋರೋಈಥೇನ್ ಬಳಕೆಗೆ ಬಂತು. ಅದು ಓಜೋನ್ ಪದರವನ್ನು ಕೆಡಿಸುತ್ತದೆಂದು ತಿಳಿದು ಮಾಂಟ್ರಿಯಲ್ ಒಪ್ಪಂದದಡಿ ಕೈಬಿಡಬೇಕಾಯಿತು. ಆ ಜಾಗಕ್ಕೆ 1990ರ ದಶಕದಲ್ಲಿ 1-ಬ್ರೋಮೋಪ್ರೊಪೇನ್ ಬಂತು, ಓಜೋನಿಗೆ ಅಷ್ಟು ಹಾನಿಯಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಆದರೆ ಅದು ಕೆಲಸಗಾರರ ನರಗಳನ್ನು ಹಾಳುಮಾಡುವುದು ಕಂಡುಬಂತು, 2022ರಲ್ಲಿ ಅಮೆರಿಕ ಅದನ್ನು ಅಪಾಯಕಾರಿ ವಾಯುಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಿತು. ಕ್ಯಾಲಿಫೋರ್ನಿಯಾದಲ್ಲಿ ವಾಹನಗಳ ಬ್ರೇಕ್ ತೊಳೆಯುವ ದ್ರವದಿಂದ ಕ್ಲೋರಿನ್ ದ್ರಾವಕಗಳನ್ನು ತೆಗೆದಾಗ ಕೆಲವು ತಯಾರಕರು ಹೆಕ್ಸೇನ್ ಹಾಕಿದರು. ‘ಕ್ಲೋರಿನ್ ಇಲ್ಲ’ ಎಂಬ ಚೀಟಿ ಸತ್ಯವೇ ಆಗಿತ್ತು. ಆದರೆ ಹೆಕ್ಸೇನ್ ದೇಹದೊಳಗೆ 2,5-ಹೆಕ್ಸೇನ್‌ಡೈಓನ್ ಎಂಬ ನರವಿಷವಾಗಿ ಮಾರ್ಪಡುತ್ತದೆ, ಮೆಕ್ಯಾನಿಕ್‌ಗಳ ಕೈಕಾಲು ಜೋಮು ಹಿಡಿಯತೊಡಗಿತು. ಪ್ರತಿ ಸಲವೂ ನಡೆದದ್ದು ಒಂದೇ: ಯಾವ ದೋಷದ ಮೇಲೆ ಎಲ್ಲರ ಕಣ್ಣಿತ್ತೋ ಆ ದೋಷವಿಲ್ಲದ, ಉಳಿದ ದೋಷಗಳತ್ತ ಯಾರೂ ಸರಿಯಾಗಿ ಗಮನ ಕೊಡದ ವಸ್ತುವೊಂದು ಖಾಲಿ ಜಾಗಕ್ಕೆ ಬಂದು ಕುಳಿತಿತು. ‘ಇದರಲ್ಲಿ ಅದಿಲ್ಲ, ಇದಿಲ್ಲ’ ಎಂಬ ಬಗೆಯ ಚೀಟಿಗಳನ್ನು ಕಂಡಾಗ ನಾನು ಕೇಳುವುದು ‘ಹಾಗಾದರೆ ಏನಿದೆ?’ ಎಂದು.

ನಿಮಗೆ ತೋರಿಸಿದ ಸಸ್ಯಮೂಲದ ದ್ರಾವಕದಲ್ಲಿ ಕಿತ್ತಳೆಯ ವಾಸನೆ ಇದ್ದರೆ ಅದು ಬಹುಶಃ ಲಿಮೋನೀನ್, ಹಣ್ಣಿನ ರಸ ತೆಗೆಯುವ ಉದ್ಯಮದ ಸಿಪ್ಪೆಯಿಂದ ಬರುವಂಥದ್ದು. ಜಿಡ್ಡು ಕರಗಿಸುವಲ್ಲಿ ಅದು ನಿಜಕ್ಕೂ ಸಮರ್ಥ, ಕಸದಿಂದ ಬಂದದ್ದು ಎಂಬುದೂ ಅದರ ಪರವಾದ ಮಾತು. ಆದರೆ ಅದು 48 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ, ಜಲಚರಗಳಿಗೆ ತೀವ್ರ ವಿಷ, ಗಾಳಿಗೆ ತೆರೆದಿಟ್ಟರೆ ಉತ್ಕರ್ಷಣಗೊಂಡು ಚರ್ಮದ ಅಲರ್ಜಿ ತರುವ ಪೆರಾಕ್ಸೈಡುಗಳಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ, ತಾಜಾ ಸ್ಥಿತಿಯಲ್ಲಿ, ಚರಂಡಿಗೆ ಒಂದು ಹನಿಯೂ ಹೋಗದಂತೆ ಬಳಸಬಲ್ಲವರಿಗೆ ಅದು ಒಳ್ಳೆಯ ಆಯ್ಕೆ; ತೆರೆದ ತೊಟ್ಟಿಯಲ್ಲಿ ಬಿಸಿಮಾಡಿ ಭಾಗಗಳನ್ನು ಅದ್ದುವವರಿಗೆ ಖಂಡಿತ ಅಲ್ಲ.

ನಿಮ್ಮಂಥ ಘಟಕಕ್ಕೆ ಮೊದಲು ಪರಿಶೀಲಿಸಬೇಕಾದದ್ದು ನೀರು. ಬಿಸಿನೀರು, ಕ್ಷಾರ, ಮಾರ್ಜಕ, ಜೊತೆಗೆ ಶ್ರವಣಾತೀತ ತರಂಗ ಅಥವಾ ಜೋರಾದ ಸಿಂಪರಣೆ ಸೇರಿದರೆ ಯಂತ್ರದ ಎಣ್ಣೆಯ ಬಹುಪಾಲು ಬಿಟ್ಟುಹೋಗುತ್ತದೆ. ಇದರ ಬೆಲೆಯನ್ನು ಮೂರು ಕಡೆ ತೆರಬೇಕು: ಒಣಗಿಸುವ ಶಾಖ, ಉಕ್ಕಿನ ಭಾಗಗಳ ಮೇಲೆ ನಿಮಿಷಗಳಲ್ಲೇ ಏಳುವ ತುಕ್ಕಿನ ಪದರ, ಎಣ್ಣೆ ಬೆರೆತ ಕೊಳಚೆ ನೀರು. ಮೇಲೆ ತೇಲುವ ಎಣ್ಣೆಯನ್ನು ಕೆನೆಯಂತೆ ತೆಗೆದು, ತೊಳೆಯುವ ನೀರನ್ನು ಸೋಸಿ ವಾರಗಟ್ಟಲೆ ತಿರುಗಿಸಿ ಬಳಸುವ ವ್ಯವಸ್ಥೆ ಇಲ್ಲದಿದ್ದರೆ, ಗಾಳಿಗೆ ಹೋಗುತ್ತಿದ್ದ ಮಾಲಿನ್ಯವನ್ನು ನೀವು ನೀರಿಗೆ ವರ್ಗಾಯಿಸಿದಂತೆ ಆಗುತ್ತದೆ. ಒಂದೇ ಕಡೆ ತೆರೆದ ಕುರುಡು ರಂಧ್ರಗಳು, ತಿರುಪಿನ ಸಣ್ಣ ಎಳೆಗಳಿರುವ ಭಾಗಗಳಲ್ಲಿ ನೀರು ಸಿಕ್ಕಿಕೊಂಡು ಆರುವುದೇ ಇಲ್ಲ. ಅಂಥವಕ್ಕೆ ನಿರ್ವಾತದಲ್ಲಿ ಕೆಲಸಮಾಡುವ, ದ್ರಾವಕವನ್ನು ಒಳಗೇ ಬಟ್ಟಿ ಇಳಿಸಿ ಹಿಂಪಡೆಯುವ ಮುಚ್ಚಿದ ಯಂತ್ರ ಮತ್ತು ಕ್ಲೋರಿನ್‌ರಹಿತ ಮಾರ್ಪಡಿಸಿದ ಆಲ್ಕೋಹಾಲ್ ದ್ರಾವಕ ಹೆಚ್ಚು ಹೊಂದುತ್ತದೆ. ಯಂತ್ರ ದುಬಾರಿ, ದ್ರಾವಕದ ಖರ್ಚು ಮಾತ್ರ ಅಲ್ಪ.

ಮಾರ್ಜಕದ ಮಾತು ಬಂದದ್ದರಿಂದ ಒಂದು ಹಳೆಯ ಪ್ರಸಂಗವನ್ನು ಹೇಳಬೇಕು, ಏಕೆಂದರೆ ‘ಹಸಿರು ರಸಾಯನ’ ಎಂಬ ಹೆಸರು ಹುಟ್ಟುವ ಮೊದಲೇ ನಡೆದ ಹಸಿರು ರಸಾಯನ ಅದು. 1950ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡೆಗಳು ಏಳತೊಡಗಿದವು. ಆಗಿನ ಬಟ್ಟೆ ಒಗೆಯುವ ಪುಡಿಗಳ ಅಣುವಿನಲ್ಲಿ ಇಂಗಾಲದ ಬಾಲ ಕವಲೊಡೆದಿತ್ತು. ಬ್ಯಾಕ್ಟೀರಿಯಾಗಳು ಆ ಬಾಲವನ್ನು ತುದಿಯಿಂದ ಕಡಿಯುತ್ತಾ ಬಂದು ಕವಲಿನ ಬಳಿ ನಿಂತುಬಿಡುತ್ತಿದ್ದವು. 1961ರಲ್ಲಿ ಪಶ್ಚಿಮ ಜರ್ಮನಿ ಈ ಕುರಿತು ಕಾನೂನು ತಂದಿತು, ಅದೇ ದಶಕದ ನಡುವಿಗೆ ಉದ್ಯಮ ಬಾಲವನ್ನು ನೆಟ್ಟಗೆ ಮಾಡಿತು. ತೊಳೆಯುವ ಶಕ್ತಿ ಉಳಿಯಿತು, ನೊರೆ ಇಳಿಯಿತು. ಅಣುವಿನ ಒಂದು ಕವಲನ್ನು ಸವರಿದ್ದರಿಂದ ನದಿಯ ಪಾಡು ಬದಲಾಯಿತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಇದರ ಮುಂದುವರಿಕೆ ನಿಮ್ಮ ತೊಟ್ಟಿಯಲ್ಲೇ ಇರಬಹುದು: ಕೈಗಾರಿಕಾ ಮಾರ್ಜಕಗಳಲ್ಲಿ ಈಗಲೂ ಕಾಣುವ ನೋನೈಲ್‌ಫೀನಾಲ್ ಎಥಾಕ್ಸಿಲೇಟುಗಳು ನೀರಿನಲ್ಲಿ ಒಡೆದು, ಮೀನುಗಳ ಹಾರ್ಮೋನುಗಳನ್ನು ಅಸ್ತವ್ಯಸ್ತಗೊಳಿಸುವ ನೋನೈಲ್‌ಫೀನಾಲ್ ಆಗುತ್ತವೆ. ನೀರು ಆಧರಿತ ತೊಳೆಯುವ ದ್ರವವನ್ನು ಕೊಳ್ಳುವಾಗ ಅದು ಇಲ್ಲದ, ಆಲ್ಕೋಹಾಲ್ ಎಥಾಕ್ಸಿಲೇಟ್ ಇರುವ ಬಗೆಯನ್ನೇ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ, ದ್ರಾವಕದ ಆಯ್ಕೆಗಿಂತ ಹಿಂದೆ ಇರಬೇಕಾದ ಪ್ರಶ್ನೆ ಒಂದಿದೆ: ಆ ಎಣ್ಣೆ ಭಾಗದ ಮೇಲೆ ಏಕಿದೆ? ಕತ್ತರಿಸುವಾಗ ಧಾರಾಕಾರವಾಗಿ ಸುರಿಯುವ ಎಣ್ಣೆಯ ಬದಲು ಗಾಳಿಯೊಡನೆ ಗಂಟೆಗೆ ಕೆಲವೇ ಮಿಲಿಲೀಟರುಗಳಷ್ಟು ಸಿಂಪಡಿಸುವ ಅತ್ಯಲ್ಪ ಸ್ನೇಹಕ ವಿಧಾನ ಹಲವು ಕೆಲಸಗಳಿಗೆ ಒಗ್ಗುತ್ತದೆ. ತಗಡು ಒತ್ತುವ ಕೆಲಸಕ್ಕೆ ತಾನಾಗಿ ಆವಿಯಾಗುವ ಎಣ್ಣೆಗಳಿವೆ, ಆದರೆ ಆ ಆವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು ಹಂತಗಳ ನಡುವೆ ತೊಳೆದು, ಮತ್ತೆ ತುಕ್ಕುನಿರೋಧಕ ಎಣ್ಣೆ ಹಚ್ಚಿ, ಮುಂದಿನ ಹಂತದಲ್ಲಿ ಮತ್ತೆ ತೊಳೆಯುವ ರೂಢಿ ಅನೇಕ ಘಟಕಗಳಲ್ಲಿದೆ. ಎರಡೂ ಹಂತಗಳು ಸಹಿಸುವ ಒಂದೇ ಎಣ್ಣೆಯನ್ನು ಆರಿಸಿದರೆ ನಡುವಿನ ತೊಳೆತವೇ ಬೇಡ. ಯಾವ ಪೂರೈಕೆದಾರನೂ ನಿಮಗೆ ಇದನ್ನು ಹೇಳಲಾರ, ಏಕೆಂದರೆ ಇದರಲ್ಲಿ ಮಾರಲು ಏನೂ ಇಲ್ಲ.

ಪ್ಲಾಸ್ಟಿಕ್‌ನ ವಿಷಯದಲ್ಲಿ ಶಬ್ದಗಳ ಗೊಂದಲ ಇನ್ನೂ ಹೆಚ್ಚು. ‘ಬಯೋಪ್ಲಾಸ್ಟಿಕ್’ ಎಂಬ ಒಂದೇ ಪದ ಮೂಲವನ್ನೂ ಅಂತ್ಯವನ್ನೂ ಒಟ್ಟಿಗೆ ಸೂಚಿಸುವಂತೆ ಬಳಕೆಯಾಗುತ್ತಿದೆ. ಬ್ರೆಜಿಲಿನಲ್ಲಿ 2010ರಿಂದ ಕಬ್ಬಿನ ಆಲ್ಕೋಹಾಲಿನಿಂದ ಪಾಲಿಥೀನ್ ತಯಾರಾಗುತ್ತಿದೆ. ಅದು ಸಸ್ಯಮೂಲದ್ದು, ಆದರೆ ಅಣು ಪೆಟ್ರೋಲಿಯಂ ಪಾಲಿಥೀನಿನದೇ ಆದುದರಿಂದ ಮಣ್ಣಿನಲ್ಲಿ ಅದರಷ್ಟೇ ಹಟಮಾರಿ. ಇನ್ನೊಂದೆಡೆ ಪಿಬಿಎಟಿ ಎಂಬ ಪ್ಲಾಸ್ಟಿಕ್ ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ, ಆದರೂ ಗೊಬ್ಬರದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿಕೊಳ್ಳುತ್ತವೆ. ಮೆಕ್ಕೆಜೋಳದ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ತಯಾರಾಗುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸಸ್ಯಮೂಲದ್ದೂ ಹೌದು, ಕೊಳೆಯುವಂಥದ್ದೂ ಹೌದು, ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಕೈಗಾರಿಕಾ ಗೊಬ್ಬರ ಘಟಕದಲ್ಲಿ ಮಾತ್ರ. ಸಮುದ್ರದಲ್ಲಾಗಲಿ, ರಸ್ತೆಬದಿಯಲ್ಲಾಗಲಿ ಅದು ಬಹುಕಾಲ ಹಾಗೆಯೇ ಬಿದ್ದಿರುತ್ತದೆ. ‘ಗೊಬ್ಬರವಾಗುವ’ ಎಂಬ ಮಾತಿಗೆ ಯುರೋಪಿನ ಇಎನ್ 13432 ಮಾನದಂಡ ನಿಖರ ಅರ್ಥ ಕೊಡುತ್ತದೆ: ಕೈಗಾರಿಕಾ ಗೊಬ್ಬರದ ಸ್ಥಿತಿಯಲ್ಲಿ 12 ವಾರಗಳ ಬಳಿಕ 2 ಮಿಲಿಮೀಟರಿಗಿಂತ ದೊಡ್ಡ ಚೂರುಗಳು ಶೇ. 10ನ್ನು ಮೀರಬಾರದು, 6 ತಿಂಗಳೊಳಗೆ ಇಂಗಾಲದ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಿರಬೇಕು. ಮಾಮೂಲಿ ಪಾಲಿಥೀನಿಗೆ ಲೋಹದ ಲವಣ ಬೆರೆಸಿ ಬಿಸಿಲಿಗೆ ಪುಡಿಯಾಗುವಂತೆ ಮಾಡಿದ ‘ಆಕ್ಸೋ’ ಬಗೆಯ ಹಾಳೆಗಳ ಬಗ್ಗೆ ನನಗೆ ಯಾವ ಗೌರವವೂ ಇಲ್ಲ. ಕಣ್ಣಿಗೆ ಕಾಣುವ ಕಸವನ್ನು ಕಾಣದ ಕಸವಾಗಿಸುವುದು ಅವುಗಳ ಸಾಧನೆ. ಯುರೋಪಿಯನ್ ಒಕ್ಕೂಟ 2021ರ ಜುಲೈನಿಂದ ಅವನ್ನು ನಿಷೇಧಿಸಿದೆ.

ಆದರೆ ನಿಮ್ಮ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು, ಆ ಹಾಳೆ ಮಾಡಬೇಕಾದ ಕೆಲಸ. ಲೋಹದ ಭಾಗವನ್ನು ಸುತ್ತುವ ಹಾಳೆ ತೇವವನ್ನು ತಡೆಯಬೇಕು. ಪಾಲಿಥೀನಿಗಿಂತ ಪಿಎಲ್‌ಎ ಮೂಲಕ ನೀರಿನ ಆವಿ ಬಹಳ ಹೆಚ್ಚು ದಾಟುತ್ತದೆ. ಒಂದು ಪೆಟ್ಟಿಗೆ ಭಾಗಗಳು ದಾರಿಯಲ್ಲಿ ತುಕ್ಕು ಹಿಡಿದರೆ, ಆ ಲೋಹವನ್ನು ಗಣಿಯಿಂದ ತೆಗೆದು, ಕರಗಿಸಿ, ಕಡೆಯಲು ವ್ಯಯವಾದ ಇಂಧನವೆಲ್ಲ ನಷ್ಟ. ಹಾಳೆಯ ಬದಲಾವಣೆಯಿಂದ ಆದ ಉಳಿತಾಯ ಅದರ ಮುಂದೆ ಏನೂ ಅಲ್ಲ. ಆದ್ದರಿಂದ ಇಲ್ಲಿ ನನ್ನ ಸಲಹೆ ಸಪ್ಪೆಯಾಗಿದೆ: ಪಾಲಿಥೀನಿನಲ್ಲೇ ಉಳಿಯಿರಿ, ಹಾಳೆಯನ್ನು ತೆಳುವಾಗಿಸಿ, ಬೇರೆ ಪ್ಲಾಸ್ಟಿಕ್ ಪದರ ಬೆರೆಯದ ಒಂದೇ ಬಗೆಯದನ್ನು ಬಳಸಿ, ಮರುಬಳಕೆಯ ಅಂಶ ಹೆಚ್ಚಿಸಿ, ನಿಯಮಿತ ಗ್ರಾಹಕರಿಗೆ ಮರಳಿ ಬರುವ ಗಟ್ಟಿ ಪೆಟ್ಟಿಗೆಗಳಲ್ಲಿ ಕಳುಹಿಸಿ. ತುಕ್ಕುನಿರೋಧಕ ಆವಿ ಬಿಡುವ ಕಾಗದ ಬಳಸುವುದಾದರೆ ಅದರಲ್ಲಿ ಅಮೀನ್ ಮತ್ತು ನೈಟ್ರೈಟ್ ಒಟ್ಟಿಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೆಲವು ಅಮೀನುಗಳು ನೈಟ್ರೈಟಿನೊಡನೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೀನುಗಳಾಗಬಲ್ಲವು. ಗೊಬ್ಬರವಾಗುವ ಪ್ಲಾಸ್ಟಿಕ್‌ಗೆ ತನ್ನದೇ ಆದ ಜಾಗವಿದೆ. ಆಹಾರದ ಉಳಿಕೆ ಅಂಟಿಕೊಂಡು ಬೇರ್ಪಡಿಸಲಾಗದ ಕಡೆ, ಎರಡೂ ಒಟ್ಟಿಗೆ ಗೊಬ್ಬರ ಘಟಕಕ್ಕೆ ಹೋಗುವ ವ್ಯವಸ್ಥೆಯಿರುವ ಕಡೆ ಅದು ಸಲ್ಲುತ್ತದೆ.

ಸಿಮೆಂಟಿನ ಮಾತು ಬೇರೆಯೇ ಪ್ರಮಾಣದ್ದು. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7-8ರಷ್ಟು ಸಿಮೆಂಟ್ ತಯಾರಿಕೆಯದು. ಇದಕ್ಕೆ ಕಾರಣ ಗೂಡಿನ ಇಂಧನ ಮಾತ್ರವಲ್ಲ. ಮೇಲೆ ಹೇಳಿದ ಪರಮಾಣು ಮಿತವ್ಯಯವನ್ನು ಇಲ್ಲಿ ಹಾಕಿ ನೋಡಿ: 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಸಿಮೆಂಟಿನ ಒಟ್ಟು ಹೊರಸೂಸುವಿಕೆಯಲ್ಲಿ ಸುಮಾರು ಶೇ. 60 ಭಾಗ ಹೀಗೆ ಕಲ್ಲಿನೊಳಗಿಂದಲೇ ಬರುವುದು. ಗೂಡನ್ನು ಸೌರವಿದ್ಯುತ್ತಿನಿಂದ ಕಾಯಿಸಿದರೂ ಆ ಭಾಗ ನಿಲ್ಲುವುದಿಲ್ಲ. ಆದ್ದರಿಂದ ನಿಜವಾದ ದಾರಿಯೆಂದರೆ ಸುಣ್ಣಕಲ್ಲು ಮತ್ತು ಜೇಡಿಮಣ್ಣು ಸುಮಾರು 1,450 ಡಿಗ್ರಿಯಲ್ಲಿ ಬೆಂದು ಆಗುವ, ಸಿಮೆಂಟಿನ ಮುಖ್ಯ ಭಾಗವಾದ ಕ್ಲಿಂಕರಿನ ಪಾಲನ್ನು ತಗ್ಗಿಸುವುದು. ಕಲ್ಲಿದ್ದಲ ಹಾರುಬೂದಿಯನ್ನೂ ಕಬ್ಬಿಣದ ಕುಲುಮೆಯ ಕಿಟ್ಟವನ್ನೂ ಬಹುಕಾಲದಿಂದ ಬೆರೆಸುತ್ತಿದ್ದಾರೆ, ಆದರೆ ಕಲ್ಲಿದ್ದಲ ಸ್ಥಾವರಗಳೂ ಹಳೆಯ ಬಗೆಯ ಕುಲುಮೆಗಳೂ ಮುಚ್ಚುತ್ತಾ ಹೋದಂತೆ ಅವುಗಳ ಸರಬರಾಜು ಕುಗ್ಗುತ್ತದೆ.

ಈ ಹಿನ್ನೆಲೆಯಲ್ಲಿ ಸುಣ್ಣಕಲ್ಲು ಮತ್ತು ಸುಟ್ಟ ಜೇಡಿಮಣ್ಣಿನ ಸಿಮೆಂಟ್, ಅಂದರೆ ಎಲ್‌ಸಿ3, ನನಗೆ ಹೆಚ್ಚು ಭರವಸೆ ಹುಟ್ಟಿಸಿದೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಕ್ಯಾರನ್ ಸ್ಕ್ರಿವ್ನರ್ ಅವರ ತಂಡ ಕ್ಯೂಬಾದ ಸಂಶೋಧಕರು ಮತ್ತು ಭಾರತದ ಐಐಟಿಗಳ ಜೊತೆ ಸೇರಿ ಇದನ್ನು ಬೆಳೆಸಿತು. ಇದರ ಪ್ರಸಿದ್ಧ ಮಿಶ್ರಣದಲ್ಲಿ ಕ್ಲಿಂಕರ್ ಶೇ. 50, ಸುಟ್ಟ ಜೇಡಿಮಣ್ಣು ಶೇ. 30, ಸುಡದ ಸುಣ್ಣಕಲ್ಲಿನ ಪುಡಿ ಶೇ. 15, ಜಿಪ್ಸಂ ಶೇ. 5. ಜೇಡಿಮಣ್ಣಿಗೆ 700-850 ಡಿಗ್ರಿ ಶಾಖ ಸಾಕು, ಸುಟ್ಟಾಗ ಅದರಿಂದ ಹೊರಡುವುದು ನೀರಿನ ಆವಿ. ಮಣ್ಣಿನ ಅಲ್ಯೂಮಿನಾ ಸುಣ್ಣಕಲ್ಲಿನೊಡನೆ ಸೇರಿ ಹೊಸ ಹರಳುಗಳನ್ನು ಕಟ್ಟಿ ರಂಧ್ರಗಳನ್ನು ತುಂಬುತ್ತದೆ. ಎರಡೂ ಒಂದನ್ನೊಂದು ನೆಚ್ಚಿರುವುದರಿಂದಲೇ ಇಷ್ಟು ಕ್ಲಿಂಕರ್ ತೆಗೆದರೂ ಬಲ ಕುಸಿಯುವುದಿಲ್ಲ. ಮಾಮೂಲಿ ಸಿಮೆಂಟಿಗೆ ಹೋಲಿಸಿದರೆ ಇಂಗಾಲದ ಹೊರೆ ಶೇ. 30-40ರಷ್ಟು ಇಳಿಯುತ್ತದೆ. ಕೊರತೆಗಳೂ ಇವೆ: ಮೊದಲ ಒಂದೆರಡು ದಿನ ಬಲ ನಿಧಾನವಾಗಿ ಏರುತ್ತದೆ, ಹಸಿ ಕಾಂಕ್ರೀಟ್ ಗಟ್ಟಿಯಾಗಿ ವರ್ತಿಸುವುದರಿಂದ ಅದನ್ನು ಸಡಿಲಿಸುವ ರಾಸಾಯನಿಕ ಹೆಚ್ಚು ಬೇಕು, ನೀರುಣಿಸುವುದರಲ್ಲಿ ಉದಾಸೀನ ಮಾಡುವಂತಿಲ್ಲ. ಸಿಮೆಂಟೇ ಇಲ್ಲದ ಜಿಯೋಪಾಲಿಮರ್ ಕಾಂಕ್ರೀಟನ್ನು ಯಾರಾದರೂ ತೋರಿಸಿದರೆ, ಅದರಲ್ಲಿ ಬಳಸುವ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟ್ ತಯಾರಿಕೆಯ ಹೊರೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ಕೇಳಿ. ನಿಮ್ಮ ಎಂಜಿನಿಯರ್ ಬಳಿಯೂ ಒಂದು ಮಾತು ಕೇಳಬಹುದು: ಅಡಿಪಾಯದಂಥ, ಬೇಗ ಭಾರ ಹೊರಬೇಕಿಲ್ಲದ ಭಾಗಗಳಿಗೆ 28 ದಿನದ ಬದಲು 56 ದಿನದ ಬಲವನ್ನು ಷರತ್ತಾಗಿಟ್ಟರೆ ಎಷ್ಟು ಸಿಮೆಂಟ್ ಉಳಿಯುತ್ತದೆ?

ಹಸಿರು ದಾರಿ ಯಾವಾಗಲೂ ದುಬಾರಿ ಎಂಬ ನಂಬಿಕೆಯೂ ನಿಮ್ಮ ಮನಸ್ಸಿನಲ್ಲಿರಬಹುದು. ಫೋಮ್ ಹಾಸಿಗೆಗಳ ಕಚ್ಚಾವಸ್ತುವಾದ ಪ್ರೊಪಿಲೀನ್ ಆಕ್ಸೈಡನ್ನು ಹಿಂದೆ ಕ್ಲೋರಿನ್ ಮತ್ತು ಸುಣ್ಣ ಬಳಸಿ ಮಾಡುತ್ತಿದ್ದರು, ಉಪ್ಪುನೀರು ರಾಶಿರಾಶಿಯಾಗಿ ಹೊರಬೀಳುತ್ತಿತ್ತು. 2008ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಆರಂಭವಾದ ಸ್ಥಾವರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಟೈಟಾನಿಯಂ ಇರುವ ವೇಗವರ್ಧಕದಿಂದ ಅದೇ ವಸ್ತುವನ್ನು ಮಾಡುತ್ತದೆ, ಜೊತೆಯಲ್ಲಿ ಹುಟ್ಟುವುದು ನೀರು. ಬಂಡವಾಳ ಹೂಡುವವರು ಅದನ್ನು ಕಟ್ಟಿದ್ದು ಲೆಕ್ಕ ಹಾಕಿಯೇ. ಕೊಳಚೆ ಸಂಸ್ಕರಣೆಯ ಖರ್ಚು ಸರಕಿನ ಬೆಲೆಯೊಳಗೆ ಅಡಗಿರುತ್ತದೆ, ಅದು ಇಳಿದರೆ ಲಾಭ. ಆದರೆ ಈ ಲಾಭ ಹೊಸ ಸ್ಥಾವರ ಕಟ್ಟುವಾಗ ಸುಲಭ, ಹಳೆಯದನ್ನು ತಿದ್ದುವಾಗ ಕಷ್ಟ. ನಿಮ್ಮ ತೊಟ್ಟಿಯ ಆಯುಸ್ಸು ಮುಗಿಯುತ್ತಾ ಬಂದಿದ್ದರೆ ಈಗಲೇ ಬದಲಿಸುವುದು ಲೇಸು ಎಂಬುದಕ್ಕೆ ಇದೂ ಒಂದು ಕಾರಣ.

ಇನ್ನು ಪರೀಕ್ಷೆಯ ಬಗೆ. ಪೂರೈಕೆದಾರರಿಂದ ಕರಪತ್ರದ ಬದಲು ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಿರಿ. ಅದರ 16 ವಿಭಾಗಗಳಲ್ಲಿ ಎರಡನೆಯದು ಅಪಾಯಗಳನ್ನೂ, ಮೂರನೆಯದು ಒಳಗಿನ ಪದಾರ್ಥಗಳನ್ನೂ, ಹನ್ನೆರಡನೆಯದು ಪರಿಸರದ ಮೇಲಿನ ಪರಿಣಾಮವನ್ನೂ ಹೇಳುತ್ತದೆ. ಮೂರನೆಯ ವಿಭಾಗದಲ್ಲಿ ‘ವ್ಯಾಪಾರ ರಹಸ್ಯ’ ಎಂದು ಬರೆದು ಹೆಸರನ್ನೇ ಮುಚ್ಚಿದ್ದರೆ ಅಲ್ಲಿಗೆ ಮಾತು ನಿಲ್ಲಿಸಬಹುದು. ಹನ್ನೆರಡನೆಯದರಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂದಿದ್ದರೆ ಅದನ್ನು ‘ಅಪಾಯವಿಲ್ಲ’ ಎಂದು ಓದಬೇಡಿ. 1-ಬ್ರೋಮೋಪ್ರೊಪೇನ್ ಬಂದಾಗಲೂ ಮಾಹಿತಿ ಕಡಿಮೆಯೇ ಇತ್ತು. ಹೋಲಿಕೆಯ ಅಂಕಿಗಳನ್ನು ಕೊಟ್ಟರೆ, ಅವು ಒಂದು ಕಿಲೋ ದ್ರಾವಕಕ್ಕೆ ಸಂಬಂಧಿಸಿದವೋ ಅಥವಾ ಸಾವಿರ ಭಾಗಗಳನ್ನು ಶುಚಿಮಾಡುವುದಕ್ಕೆ ಸಂಬಂಧಿಸಿದವೋ ಎಂದು ಕೇಳಿ, ಏಕೆಂದರೆ ಎರಡುಪಟ್ಟು ಸುರಿಯಬೇಕಾದ ಸೌಮ್ಯ ದ್ರಾವಕ ಒಂದು ಕಿಲೋದ ಲೆಕ್ಕದಲ್ಲಿ ಯಾವಾಗಲೂ ಚೆಂದ ಕಾಣುತ್ತದೆ.

ಅದಕ್ಕೂ ಮೊದಲು ನಿಮ್ಮ ಘಟಕದ್ದೇ ಒಂದು ಅಂಕಿ ನಿಮ್ಮ ಕೈಯಲ್ಲಿರಬೇಕು. ಒಂದು ತಿಂಗಳ ಕಾಲ ಎಷ್ಟು ಕಿಲೋ ಟ್ರೈಕ್ಲೋರೋಎಥಿಲೀನ್ ಒಳಬಂತು, ಕೊಳೆಯಾಗಿ ಎಷ್ಟು ಹೊರಹೋಯಿತು ಎಂದು ತೂಗಿ ಬರೆದಿಡಿ. ಆರಂಭದಲ್ಲೂ ಕೊನೆಯಲ್ಲೂ ತೊಟ್ಟಿಯಲ್ಲಿದ್ದುದನ್ನು ಹೊಂದಿಸಿಕೊಂಡ ಮೇಲೆ, ಕೊಳೆಯಲ್ಲಿ ಸೇರಿರುವ ಎಣ್ಣೆಯ ತೂಕವನ್ನು ಅಂದಾಜಿನಿಂದ ಕಳೆದರೆ, ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಇರುವ ಅಂತರವೆಲ್ಲ ಗಾಳಿಗೆ, ಅಂದರೆ ಆ ತೊಟ್ಟಿಯ ಪಕ್ಕ ನಿಂತು ದುಡಿಯುವವರ ಉಸಿರಿಗೆ ಸೇರಿದ್ದು. ತೆರೆದ ತೊಟ್ಟಿಗಳಲ್ಲಿ ಈ ಅಂತರ ಮಾಲೀಕರ ಊಹೆಗಿಂತ ದೊಡ್ಡದಿರುತ್ತದೆ. ಪರ್ಯಾಯ ಅಂತಿಮವಾಗಿ ಯಾವುದೇ ಆಗಲಿ, ಅದು ಬರುವವರೆಗೆ ತೊಟ್ಟಿಗೆ ಬಿಗಿಯಾದ ಮುಚ್ಚಳ, ಅಂಚಿನಲ್ಲಿ ಆವಿ ತಡೆಯುವ ತಂಪು ಸುರುಳಿ, ಭಾಗಗಳನ್ನು ನಿಧಾನವಾಗಿ ಎತ್ತುವ ರೂಢಿ, ಇವಿಷ್ಟನ್ನು ಇಂದೇ ಆರಂಭಿಸಿ.